ನೀಲಿ ಬಳ್ಳಿಯ ಸಿಸ್ಟರ್

ಹೂ ಬಿಟ್ಟ ಕೊಂಬೆಯನ್ನು ಹೂವಿನ ಸಮೇತ ಕಡಿದು, ಕೈ ಝಾಡಿಸಿ, ಒಳಗೆ ಹೋಗಿ ನಿಶ್ಚಿಂತೆಯಿಂದ ಚಹಾ ಕುಡಿಯುವವರನ್ನು ನಾನು ಒಬ್ಬರನ್ನೇ ನೋಡಿದ್ದೇನೆ. ಗೋಕಾಕದಲ್ಲಿ ನಮ್ಮ ಬಾಜೂ ಮನೆಯಲ್ಲಿದ್ದರು. ದವಾಖಾನೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಓಣಿಯಲ್ಲಿ ಸಣ್ಣವರಿಂದ ಮುದುಕರವರೆಗೆ ಎಲ್ಲರೂ ಅವರನ್ನು 'ಸಿಸ್ಟರ್' ಎಂದೇ ಕರೆಯುತ್ತಿದ್ದೆವು. ನನ್ನ ಅತ್ತೆಯೊಬ್ಬರು ಮಾತ್ರ ಹಳೆಯ ರೂಢಿಯಂತೆ 'ಬಾಯಿ' ಎನ್ನುವರು. ಈ ವರ್ಷ ಮಳೆ ಹಿಡಿದ ಮೇಲೆ ತಮ್ಮ ತಂಗಿಯ ಊರಾದ ತುಕ್ಕಾನಟ್ಟಿಯಲ್ಲಿ ತೀರಿಕೊಂಡರು. ಸುದ್ದಿ ಬಂದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಹಂಚಿನ ಮೇಲಿದ್ದ ರೊಟ್ಟಿ ತಿರುವಿ ಹಾಕಿ, ಗ್ಯಾಸು ಸಣ್ಣ ಮಾಡಿ, ಕೊರಳಿನ ಲಿಂಗವನ್ನು ಎದೆಗೆ ಒತ್ತಿಕೊಂಡೆ. ನಿದ್ದೆಯಲ್ಲಿಯೇ ಹೋದರಂತೆ. ಎಷ್ಟೋ ಮಂದಿಯ ಒದ್ದಾಟ ನೋಡಿದ ಜೀವಕ್ಕೆ ಶಿವ ಅಷ್ಟು ದಯೆ ತೋರಿದ. ನಾನು ಅವನ ಹತ್ತಿರ ಅದಕ್ಕಿಂತ ಹೆಚ್ಚಿನದನ್ನು ಕೇಳುವವಳಲ್ಲ.

ನಮ್ಮೆರಡು ಮನೆಗಳ ನಡುವೆ ಎದೆಯುದ್ದದ ಒಂದು ಗೋಡೆ. ಗೋಡೆಯ ಆಚೆ ಅವರ ಬಳ್ಳಿ. ಚಳಿ ಕಡಿಮೆಯಾಗುತ್ತಿದ್ದ ಹಾಗೆ ಎಲೆಗಳ ನಡುವಿನಿಂದ ಗೇಣುದ್ದದ ನೀಲಿ ಗೊಂಚಲುಗಳು ಇಳಿಬೀಳುತ್ತಿದ್ದವು. ನಮ್ಮ ಮನೆಗೆ ಬರುವ ಬೀಗರಿಗೆ ಗುರುತು ಹೇಳುವಾಗ ನಾವೂ 'ನೀಲಿ ಹೂವಿನ ಬಾಜೂಕ' ಎನ್ನುತ್ತಿದ್ದೆವು. ಅಂಥ ಹೂವಿನ ದಿನಗಳಲ್ಲಿಯೂ ಒಂದು ಟೊಂಗೆ ಗೋಡೆ ದಾಟಿ ನಮ್ಮ ಕಡೆ ಬಗ್ಗಿತೆಂದರೆ ಸಿಸ್ಟರ್ ಕತ್ತರಿ ಹಿಡಿದುಕೊಂಡು ಬಂದುಬಿಡುವರು.

"ಇರಲಿ ಬಿಡ್ರಿ ಸಿಸ್ಟರ್, ಮೈತುಂಬ ಹೂ ಅದಾವ," ಎಂದು ನಾನು ಅನ್ನುತ್ತಿದ್ದೆ.

"ಹೂ ಅದಾವಂತ ಬಿಟ್ಟರ ನಾಳಿಗೆ ನಿಮ್ಮ ತಗಡಿನ ಮ್ಯಾಲೆ ಇರತೈತಿ ವೈನಿ. ನಾಡದ ನಿಮ್ಮ ಅತ್ತಿಯವರು ನನ್ನ ಬಾಗಲದಾಗ ಇರತಾರ."

ಅವರು ಹೇಳುವುದರಲ್ಲಿ ಸುಳ್ಳಿರಲಿಲ್ಲ. ಒಂದು ಸಲ ಅವರು ತಂಗಿಯ ಊರಿಗೆ ಹೋಗಿ ಕೆಲವು ದಿನ ಉಳಿದಿದ್ದಾಗ ಬಳ್ಳಿಯ ಎಳೆ ಕುಡಿಯೊಂದು ಗೋಡೆ ಹತ್ತಿ, ನಮ್ಮ ಬಟ್ಟೆ ಒಣಹಾಕುವ ತಂತಿ ಹಿಡಿದು, ಅತ್ತೆಯ ಇಳಕಲ್ ಸೀರೆಯ ಸೆರಗನ್ನು ಸುತ್ತಿಕೊಂಡಿತ್ತು. ಎಲೆಯೋ ಉಪ್ಪುಕಾಗದದಂತೆ ಒರಟು. ಬಿಡಿಸಲು ಹೋದರೆ ಸೀರೆಯ ದಾರ ಎದ್ದು ಬಂತು. ಸಿಸ್ಟರ್ ಊರಿನಿಂದ ಬಂದು ಚೀಲ ಇಳಿಸುವ ಮೊದಲೇ ಅತ್ತೆ ಗೋಡೆಯ ಹತ್ತಿರ ಹೋಗಿ ನಿಂತರು.

"ಏ ಬಾಯಿ, ನಿನ್ನ ಬಳ್ಳಿ ನನ್ನ ಸೀರಿ ಉಡಾಕತ್ತೈತಿ ನೋಡು. ಮುಂದಿನ ಸಲ ಅದಕ್ಕೊಂದು ಬ್ಯಾರೆ ತಂದ ಕೊಡು."

ಸಿಸ್ಟರ್ ನಗಲಿಲ್ಲ, ಸಿಟ್ಟಿಗೂ ಏಳಲಿಲ್ಲ. ಸೀರೆಯನ್ನು ಕೈಗೆ ತೆಗೆದುಕೊಂಡು, ಕನ್ನಡಕ ಏರಿಸಿ, ಎದ್ದ ದಾರಗಳನ್ನು ಸೂಜಿಯಿಂದ ಒಂದೊಂದಾಗಿ ಒಳಗೆ ಸೇರಿಸಿಕೊಟ್ಟರು. ಗಾಯಕ್ಕೆ ಹೊಲಿಗೆ ಹಾಕಿದ ಕೈ. ಎಲ್ಲಿ ಹರಿದಿತ್ತೆಂದು ಆಮೇಲೆ ನನಗೂ ಸಿಗಲಿಲ್ಲ. "ಇನ್ನ ಗ್ವಾಡಿ ದಾಟಾಕ ಬಿಡೂದಿಲ್ಲ ಆಯಿ," ಎಂದರು. ಆ ಮಾತನ್ನು ಆ ಮನೆಯಲ್ಲಿ ಇರುವವರೆಗೆ ನಡೆಸಿದರು.

ಅತ್ತೆಯ ವಿಷಯವನ್ನೂ ಹೇಳಬೇಕು. ಅವರು ಬೆಲ್ಲದ ಬಾಗೇವಾಡಿಯ ಒಕ್ಕಲುತನದ ಮನೆಯ ಮಗಳು, ಹಳೆಯ ಕಾಲದವರು. ಸಿಸ್ಟರ್ ಕೈಯಿಂದ ಇಂಜೆಕ್ಷನ್ ಮಾಡಿಸಿಕೊಳ್ಳುವರು, ಬಿಪಿ ನೋಡಿಸಿಕೊಳ್ಳುವರು. ಆದರೆ ಆ ಮನೆಯ ಹೊಸ್ತಿಲು ದಾಟಿ ಒಳಗೆ ಹೋದದ್ದನ್ನು ನಾನು ನೋಡಲಿಲ್ಲ. ಅಂಗಳದಲ್ಲಿ ನಿಂತೇ ಮಾತು ಮುಗಿಸುವರು. ಸಿಸ್ಟರ್ ಬೌದ್ಧ ಮನೆತನದವರು. ಯಾಕೆ ಒಳಗೆ ಬರುವುದಿಲ್ಲವೆಂದು ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಸಿಸ್ಟರ್ ಮನೆಯ ಎದುರು ಕೋಣೆಯಲ್ಲಿ ಬುದ್ಧನ ಚಿತ್ರವಿತ್ತು. ನಾನು ಪೂಜೆಗೆ ಕೂಡುವ ಹೊತ್ತಿಗೇ ಅವರೂ ಊದಿನಕಡ್ಡಿ ಹಚ್ಚಿ ಕಣ್ಣು ಮುಚ್ಚಿ ಕೂಡುತ್ತಿದ್ದರು. ನನಗಿಂತ ಮೊದಲು ಎದ್ದು ಬರುವರು.

"ನಿಮ್ಮ ದೇವರಿಗೆ ಬಾಳ ಕೆಲಸ ಹೇಳತೀರಿ ವೈನಿ. ನಾ ಬರೇ ಸುಮ್ಮ ಕುಂತ ಏಳತೇನಿ," ಎನ್ನುವರು.

ಖರೆ ಹೇಳಬೇಕೆಂದರೆ ನಾನು ಕೆಲಸ ಹೇಳುವುದು ಕಡಿಮೆ. ನಳದ ನೀರು ಬಂತು, ಸಿಲಿಂಡರು ಹಬ್ಬ ದಾಟಿಸಿತು, ಮಗಳ ಜ್ವರ ಇಳಿಯಿತು ಎಂದು ಲೆಕ್ಕ ಒಪ್ಪಿಸುವುದೇ ಹೆಚ್ಚು. ಮಗಳ ಜ್ವರ ಇಳಿಸಿದವರಲ್ಲಿ ಸಿಸ್ಟರ್ ಕೂಡ ಇದ್ದರು. ಅವರು ಸೂಜಿ ಚುಚ್ಚುವ ಮೊದಲೇ "ಆತು" ಎನ್ನುವರು. ಮಗು ಆಯಿತಂತೆ ಎಂದು ಮೈ ಸಡಿಲ ಬಿಟ್ಟಾಗ ಚುಚ್ಚುವರು. ಮಗಳು ದೊಡ್ಡವಳಾದ ಮೇಲೂ ಯಾರಾದರೂ "ಆತು" ಎಂದರೆ ಬೆಚ್ಚಿ ಹಿಂದೆ ಸರಿಯುತ್ತಿದ್ದಳು.

ಆ ಬಳ್ಳಿ ಹುಕ್ಕೇರಿಯದು. ಸಿಸ್ಟರ್ ವಯಸ್ಸಿನಲ್ಲಿದ್ದಾಗ ಅಲ್ಲಿಯ ದವಾಖಾನೆಯ ಕ್ವಾರ್ಟರ್ಸಿನಲ್ಲಿದ್ದರು. ಗಂಡ ಅಲ್ಲಿಯೇ ಸಾಲಿ ಮಾಸ್ತರರಾಗಿದ್ದರು, ಅಲ್ಲಿಯೇ ತೀರಿಕೊಂಡರು. ಕ್ವಾರ್ಟರ್ಸಿನ ಗೇಟಿನ ಮೇಲೆ ಯಾರೋ ಹಚ್ಚಿದ ಬಳ್ಳಿ. ಅಲ್ಲಿದ್ದ ಡಾಕ್ಟರು ಅದಕ್ಕೆ ವಿಸ್ಟೇರಿಯಾ ಎನ್ನುತ್ತಿದ್ದರಂತೆ. ಮುಂದೆ ನರ್ಸರಿಯವನೊಬ್ಬ ನೋಡಿ, ವಿಸ್ಟೇರಿಯಾ ಥಂಡಿ ದೇಶದ್ದು, ಈ ಬಿಸಿಲಿಗೆ ಬಾಳುವುದಿಲ್ಲ, ಇದು ಪೆಟ್ರಿಯಾ ಎಂಬ ಬೇರೆ ಜಾತಿ, ನೋಡಲು ಹಾಗೇ ಕಾಣುತ್ತದೆ ಎಂದ. ಸಿಸ್ಟರ್ ಕೇಳಿಸಿಕೊಂಡು, "ಇರವಲ್ದ್ಯಾಕ. ಕರದರ ಬರೂದಿಲ್ಲ, ಹೆಸರ ತಗೊಂಡ ಏನ ಮಾಡೂದೈತಿ," ಎಂದರು.

ಅದರ ಕಡ್ಡಿ ಚುಚ್ಚಿದರೆ ಬೇರು ಬಿಡುವುದಿಲ್ಲ. ಒಂದು ಟೊಂಗೆಯನ್ನು ತಾಯಿಯಿಂದ ಬಿಡಿಸದೆ ನೆಲಕ್ಕೆ ಬಗ್ಗಿಸಿ, ತೊಗಟೆ ಸ್ವಲ್ಪ ಹೆರೆದು, ಮಣ್ಣು ಮುಚ್ಚಿ, ಮೇಲೊಂದು ಇಟ್ಟಂಗಿ ಹೇರಬೇಕು. ಅವರು ಹಾಗೆ ಹೇರಿದ್ದಾಗಲೇ ಮೂಡಲಗಿಗೆ ವರ್ಗವಾಯಿತು. ಬೇರು ಬಂದಿರಲಿಲ್ಲ. ಹೊಸದಾಗಿ ಕ್ವಾರ್ಟರ್ಸಿಗೆ ಬಂದವರಿಗೆ "ಆ ಇಟ್ಟಂಗಿ ಅಷ್ಟ ಅಲಗಿಸಬ್ಯಾಡ್ರಿ" ಎಂದು ಹೇಳಿ ಹೋದರು. ಸೂಟಿ ಸಿಕ್ಕಾಗ ಬಸ್ಸಿನಲ್ಲಿ ಹುಕ್ಕೇರಿಗೆ ಬಂದು ಮಣ್ಣು ಕೆದರಿ ನೋಡುವರು, ಮತ್ತೆ ಮುಚ್ಚಿ ಹೋಗುವರು. ಕೊನೆಗೆ ಬೇರು ಕಂಡ ದಿನ ಅದನ್ನು ಕತ್ತರಿಸಿಕೊಂಡು, ಹಾಲಿನ ಪುಡಿಯ ಡಬ್ಬಿಯಲ್ಲಿ ನಿಲ್ಲಿಸಿ, ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಕುಳಿತರು. ಇದನ್ನೆಲ್ಲ ಅವರು ಹೇಳಿದ್ದು ಅಕ್ಕಿ ಆರಿಸುತ್ತ. ಮನಸ್ಸು ಭಾರವಾದ ಗುರುತೇನೂ ಮುಖದಲ್ಲಿರಲಿಲ್ಲ. ನಾನೇ ಗಂಡನ ನೆನಪಿಗೆ ತಂದಿರೇನು ಎಂದು ಕೇಳಿದ್ದಕ್ಕೆ, "ನೆನಪಿಗೆ ಫೋಟೋ ಐತಲ್ರಿ. ಇದು ಚಲೋ ಬಳ್ಳಿ ಅಂತ ತಂದೆ," ಎಂದರು.

ಮುಂದೆ ಗೋಕಾಕದಲ್ಲಿ ಮನೆ ಕಟ್ಟಿಸಿ, ಕುಂಡದಿಂದ ತೆಗೆದು ಗೋಡೆಗೆ ಹಚ್ಚಿದ ಮೇಲೆ ಬಹಳ ವರ್ಷ ಅದು ಹೂ ಬಿಡಲಿಲ್ಲ. ಎಲೆಯೇ ಎಲೆ. ಓಣಿಯ ಹೆಂಗಸರು ಅದಕ್ಕೆ ಗೊಡ್ಡು ಬಳ್ಳಿ ಎಂದರು. ಮಕ್ಕಳಿಲ್ಲದವರ ಅಂಗಳದಲ್ಲಿ ನಿಂತು ಆಡುವ ಮಾತಲ್ಲ ಅದು. ನಾನು ಕೇಳಿಸಿಕೊಂಡು ಒಳಗೆ ಹೋದೆ. ಸಿಸ್ಟರ್ ಮಾತ್ರ, "ಗೊಡ್ಡಲ್ರಿ. ಬಾಳ ಉಂಡೈತಿ. ಹೊಟ್ಟಿ ತುಂಬಿದವರಿಗೆ ಹೂ ಬಿಡೂ ನೆನಪ ಆಗೂದಿಲ್ಲ," ಎಂದು, ಗೊಬ್ಬರ ನಿಲ್ಲಿಸಿ, ನೀರೂ ಕಡಿಮೆ ಮಾಡಿದರು. ಚಳಿಗಾಲದಲ್ಲಿ ಅದರ ಎಲೆಗಳು ಬಾಡಿ ಜೋತುಬಿದ್ದದ್ದನ್ನು ನೋಡಿ ನನ್ನ ಕೈ ತಂಬಿಗೆಯ ಕಡೆಗೆ ಹೋಗುತ್ತಿತ್ತು. ಅವರು ಗೋಡೆಯ ಆಚೆಯಿಂದಲೇ ಬೆರಳು ಅಲ್ಲಾಡಿಸಿ ಬೇಡವೆನ್ನುವರು. ಆ ವರ್ಷವೇ ಮೊದಲ ಹೂ. ಹೂ ಉದುರಿದ ಮೇಲೆ ಅದರ ಹಿಂದಿನ, ಆಕಾಶದ ಚಿಕ್ಕಿಯಂಥ ತೊಟ್ಟು ಗಾಳಿಗೆ ಗಿರಗಿರ ತಿರುಗುತ್ತ ನಮ್ಮ ಅಂಗಳಕ್ಕೆ ಬೀಳುತ್ತಿತ್ತು. ನಾನು ನಸುಕಿನಲ್ಲಿ ಎದ್ದು ಅದನ್ನು ಗುಡಿಸುತ್ತಿದ್ದೆ. ಕಸವಾದರೂ ಇಂಥ ಕಸ ಎಷ್ಟು ಮಂದಿಗೆ ಸಿಗುತ್ತದೆ ಎಂದುಕೊಳ್ಳುತ್ತಿದ್ದೆ.

ವಯಸ್ಸಾಯಿತು. ಮೊಣಕಾಲು ಹಿಡಿಯಿತು, ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ತುಕ್ಕಾನಟ್ಟಿಯ ತಂಗಿ ಕರೆಯುತ್ತಲೇ ಇದ್ದರು. ಒಂದು ದಸರೆ ಮುಗಿದ ಮೇಲೆ ಸಿಸ್ಟರ್ ಮನೆ ಮಾರಿದರು. ಕೊಂಡವರು ಬೆಲ್ಲದ ವ್ಯಾಪಾರಿ, ಓಣಿಯವರೆಲ್ಲ ಸಾವಕಾರ ಎನ್ನುವವರು. ಮನೆ ಕೆಡವಿ, ಗೋಡೆಯವರೆಗೂ ಅಂಗಡಿಗಳನ್ನು ಎಬ್ಬಿಸುವ ವಿಚಾರ ಅವರದು. ಅಂಗಳದಲ್ಲಿ ನಿಂತು ಮಾತು ಮುಗಿಸುವಾಗ ಸಿಸ್ಟರ್ ಹೇಳಿದ್ದು ನನಗೆ ಗೋಡೆಯ ಈಚೆ ಕೇಳಿಸಿತು.

"ಮನಿ ಮಾರೇನ್ರಿ. ಬಳ್ಳಿ ಮಾರಿಲ್ಲ. ಅದನ್ನ ಒಯ್ಯತೇನಿ."

"ಒಯ್ಯರ‍್ಯಲ್ಲ, ನನಗ್ಯಾಕ ಬೇಕದು," ಎಂದರು ಸಾವಕಾರ. "ಇವತ್ತ ಕಿತ್ತಸ್ರಿ, ಮಂದಿ ನಾನ ಕೊಡತೇನಿ."

"ಇವತ್ತ ಕಿತ್ತರ ಸಾಯತೈತಿ. ಯುಗಾದಿ ತನಕ ಬಿಡ್ರಿ."

"ಬಳ್ಳಿ ಕೀಳಾಕ ಯುಗಾದಿ ತನಕ?"

"ಮನಷ್ಯಾರಿಗೆ ಆಪರೇಷನ್ ಮಾಡೂ ಮುಂದ ಉಪವಾಸ ಇಡತಾರಿಲ್ರಿ, ಹಂಗ."

ಯುಗಾದಿಯ ದಿನ ಭೂಮಿಪೂಜೆ ಎಂದು ಸಾವಕಾರ ಮುಹೂರ್ತ ತೆಗೆಸಿದ್ದರು. ಅಷ್ಟರೊಳಗೆ ಅಂಗಳ ಖಾಲಿಯಾಗಬೇಕು, ಆಗದಿದ್ದರೆ ಜೆಸಿಬಿ ಬರುತ್ತದೆ ಎಂದು ಹೇಳಿ ಹೋದರು. ಅಂದಿನಿಂದ ಸಿಸ್ಟರಿಗೆ ಅದೊಂದೇ ಚಿಂತೆ. ಸಾಮಾನು ಕಟ್ಟುವುದು, ದಾಖಲೆ, ಬ್ಯಾಂಕು ಎಲ್ಲವನ್ನೂ ತಂಗಿಯ ಮಗನಿಗೆ ಬಿಟ್ಟು ಅವರು ಬಳ್ಳಿಯ ಬುಡಕ್ಕೆ ಸ್ಟೂಲು ಹಾಕಿ ಕುಳಿತರು.

ಇಷ್ಟು ಹಳೆಯ ಬಳ್ಳಿಯನ್ನು ಒಮ್ಮೆಲೇ ಕೀಳುವಂತಿಲ್ಲ. ದೀಪಾವಳಿಯ ಮರುವಾರ ಆಳು ಹಚ್ಚಿ ಬುಡದಿಂದ ಒಂದು ಮೊಳ ದೂರದಲ್ಲಿ ಅರ್ಧ ಸುತ್ತು ತೆಗ್ಗು ತೋಡಿಸಿದರು. ಅಡ್ಡ ಬಂದ ದಪ್ಪ ಬೇರುಗಳನ್ನು ಗರಗಸದಿಂದ ಕೊಯ್ಯಿಸಿ, ತೆಗ್ಗಿಗೆ ಉಸುಕು ಮತ್ತು ಪುಡಿ ಮಣ್ಣು ತುಂಬಿಸಿದರು. ಬಳ್ಳಿ ಉಳಿದರ್ಧ ಬೇರಿನ ಮೇಲೆ ಜೀವ ಹಿಡಿದು, ಕೊಯ್ದ ಕಡೆ ಸಣ್ಣ ಬೇರು ಬಿಟ್ಟುಕೊಳ್ಳಬೇಕು. ಆಮೇಲೆ ಇನ್ನರ್ಧ. ಆಮೇಲೆ ಬಳ್ಳಿಯನ್ನು ಮೊಣಕಾಲೆತ್ತರಕ್ಕೆ ಕಡಿದು ಎತ್ತುವುದು. ಇನ್ನರ್ಧ ತೆಗ್ಗು ತೋಡಿಸುವ ಹೊತ್ತಿಗೆ ಎಳ್ಳ ಅಮಾವಾಸ್ಯೆ ಬಂದಿತ್ತು.

ಕೆಟ್ಟದ್ದು ಅಲ್ಲಿಂದ ಶುರುವಾಯಿತು. ಕೆಟ್ಟದ್ದು ಎನ್ನಬೇಕೋ ಏನೋ, ಆಗ ಹಾಗೆ ಅನಿಸಿತು.

ಎಳ್ಳ ಅಮಾವಾಸ್ಯೆಗೆ ನಮ್ಮ ಕಡೆ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಭೂಮಿತಾಯಿ ಬಸುರಿ, ಆಕೆಯ ಬಯಕೆಗೆ ಕಡಬು, ರೊಟ್ಟಿ, ಪಲ್ಯ, ಬಾನ ಎಲ್ಲ ಮಾಡಿಕೊಂಡು ಹೋಗಿ ಬೆಳೆಯ ನಡುವೆ ಚೆಲ್ಲುವುದು. ಅತ್ತೆ ಪ್ರತಿ ವರ್ಷ ತಮ್ಮ ತವರಿನ ಹೊಲಕ್ಕೆ ಹೋಗುವರು. ಆ ವರ್ಷ ಸೊಂಟ ಹಿಡಿದು ಬಾಗೇವಾಡಿಗೆ ಹೋಗಲಾಗಲಿಲ್ಲ. ಬೆಳಿಗ್ಗೆಯಿಂದ ಮುಖ ಸಣ್ಣ ಮಾಡಿಕೊಂಡು ಕುಳಿತಿದ್ದವರು, ಗೋಡೆಯ ಆಚೆ ಹೊಸದಾಗಿ ತೋಡಿದ ಮಣ್ಣು ನೋಡಿದರು. ಪುಟ್ಟಿಯಲ್ಲಿ ಎಡೆ ತುಂಬಿಕೊಂಡು, ನಾನು ಕೈ ತೊಳೆದು ಬರುವಷ್ಟರಲ್ಲಿ, ಸಿಸ್ಟರ್ ಅಂಗಳಕ್ಕೆ ಹೋಗಿ, ಬಳ್ಳಿಯ ಸುತ್ತ ಚರಗದ ಕೂಗು ಹಾಕುತ್ತ ಎಡೆ ಚೆಲ್ಲಿ, ಬುಡಕ್ಕೆ ಅರಿಶಿನ ಕುಂಕುಮ ಹಚ್ಚಿ, ಹಾಲೆರೆದು ಬಂದಿದ್ದರು. ಮುಖ ಅರಳಿತ್ತು.

ಕೂಗು ಓಣಿಗೆಲ್ಲ ಕೇಳಿಸಿತು. ನಮ್ಮ ಓಣಿಯಲ್ಲಿ ಹೊಲ ಬಿಟ್ಟು ಬಂದ ಮನೆಗಳೇ ಹೆಚ್ಚು. ಚರಗ ಚೆಲ್ಲಲು ಯಾರಿಗೂ ಜಾಗವಿಲ್ಲ. ಸಂಜೆಯೊಳಗೆ ನಾಕಾರು ಪುಟ್ಟಿಗಳು ಬಂದವು. ಬಳ್ಳಿಯ ಸುತ್ತ ದುಂಡಗೆ ತೋಡಿದ್ದನ್ನು ಕಂಡವರು, ಸಿಸ್ಟರ್ ಹೋಗುವ ಮುಂದೆ ಕಟ್ಟೆ ಕಟ್ಟಿಸಿ ದೇವರು ಕೂಡಿಸಿ ಹೋಗುತ್ತಾರೆ ಎಂದುಕೊಂಡರು. ಅಗೆದ ದುಂಡು, ನಡುವೆ ಹಳೆಯ ಗಿಡ. ನಮ್ಮಲ್ಲಿ ಕಟ್ಟೆಯ ಪಾಯ ಹಾಗೆಯೇ ತೋಡುತ್ತಾರೆ, ಬೇರೆ ಏನೆಂದು ತಿಳಿದಾರು? ಯಾರೋ ಘಟಪ್ರಭಾ ಹೊಳೆಯಿಂದ ನುಣ್ಣನೆಯ ಕಲ್ಲು ತಂದಿಟ್ಟರು. ಯಾರೋ ಭಂಡಾರದ ಅರಿಶಿನ ಪುಡಿ ಎರಚಿದರು. ವಾರ ತುಂಬುವುದರೊಳಗೆ ಬಳ್ಳಿಗೆ ಬಳ್ಳೆವ್ವ ಎಂಬ ಹೆಸರೂ ಬಂದಿತ್ತು.

ಸಿಸ್ಟರ್ ಮೊದಮೊದಲು ತಮಾಷೆಯಾಗಿಯೇ ತೆಗೆದುಕೊಂಡರು. "ಪೇಷಂಟಿಗೆ ಕುಂಕಮ ಹಚ್ಚಾಕ ಬರತಾರ, ಹಚ್ಚಲಿ. ಹಾಲು ಅಷ್ಟ ಬ್ಯಾಡ್ರಿ, ಇರವಿ ಬಂದು ಹೊಸಾ ಬೇರು ಕಡೀತಾವ," ಎಂದು ಬಂದವರಿಗೆಲ್ಲ ಹೇಳಿದರು. ಬಂದವರು ಹೂಂ ಎಂದು ಹಾಲೇ ಹಾಕಿದರು. ದೇವರಿಗೆ ಹಾಲು ಬೇಡ ಎನ್ನಲು ಸಿಸ್ಟರ್ ಯಾರು?

ಸಂಕ್ರಾಂತಿ ದಾಟಿತು. ಎತ್ತುವ ದಿನ ಗೊತ್ತಾಯಿತು. ನಾಗನೂರಿನಿಂದ ಟ್ರ್ಯಾಕ್ಟರು ಹೇಳಿದ್ದರು. ಬೆಳಿಗ್ಗೆ ಸಿಸ್ಟರ್ ತಾವೇ ಕತ್ತರಿ, ಗರಗಸ ಹಿಡಿದು, ಕೆಳಗಿನ ಟೊಂಗೆಗಳಿಂದ ಶುರುಮಾಡಿ ಬಳ್ಳಿಯನ್ನು ಇಳಿಸಿದರು. ಮೇಲಿನದನ್ನು ತಂಗಿಯ ಮಗ ನಿಚ್ಚಣಿಕೆ ಹತ್ತಿ ಕಡಿದ. ಮೊಗ್ಗು ಕಟ್ಟಿದ್ದವು. ಇನ್ನೊಂದು ಹದಿನೈದು ದಿನ ತಡೆದಿದ್ದರೆ ಗೋಡೆ ನೀಲಿಯಾಗುತ್ತಿತ್ತು. ಅಂಗಳದ ತುಂಬ ಕಡಿದ ಬಳ್ಳಿ ಬಿದ್ದಿತ್ತು, ನಡುವೆ ತೋಳು ದಪ್ಪದ ಮೋಟು. ಅವರು ನೋಡುತ್ತ ನಿಲ್ಲಲಿಲ್ಲ. "ಆ ಹಾರಿ ತಗೋರಿ," ಎಂದು ಆಳುಗಳ ಕಡೆ ತಿರುಗಿದರು.

ಆಳುಗಳು ಕದಲಲಿಲ್ಲ. ತೆಗ್ಗು ತೋಡಿದ್ದೂ ಅವರೇ. ಆದರೆ ಈಗ ಮೋಟಿನ ಮೇಲೆ ಭಂಡಾರ, ಬುಡದಲ್ಲಿ ಕಲ್ಲು.

"ಒಲ್ಲೇವ್ರಿ ಬಾಯಾರ. ಪೂಜಿ ಆಗೇತಿ. ಮನ್ಯಾಗ ಸಣ್ಣ ಸಣ್ಣ ಹುಡುಗೂರದಾವ."

"ಏ, ಮೊನ್ನೆ ನೀವ ಅಲ್ಲ ಬೇರು ಕೊಯ್ದವರು?"

"ಆವಾಗ ಅದು ಬಳ್ಳಿ ಇತ್ತರಿ."

ಆ ಹೊತ್ತಿಗೆ ಸಾವಕಾರರೂ ಬಂದರು. ಅವರ ಚಿಂತೆ ಬೇರೆ. "ಸಿಸ್ಟರ್, ಇವತ್ತ ಇದು ಇಲ್ಲಿಂದ ಎದ್ದರ ಛಲೋ. ನಾಳಿಗೆ ಗುಡಿ ಕಟ್ಟತೇವಂತ ಮಂದಿ ಪಟ್ಟಿ ಎತ್ತಿದರ ನನ್ನ ಜಾಗಾ ಹೋತು. ನೀವು ಎಬ್ಬಸಲಿಲ್ಲಂದ್ರ ನಾ ಮುಂಜಾನೆ ಜೆಸಿಬಿ ತರಸತೇನಿ, ಯುಗಾದಿ ಗಿಗಾದಿ ನೋಡೂದಿಲ್ಲ," ಎಂದರು. ಜೆಸಿಬಿಯವನಾದರೂ ಮುಟ್ಟುತ್ತಾನೆಯೇ ಎಂದು ಯಾರೋ ಅಂದರು. ಬೇರೆ ಊರವನನ್ನು ಕರೆಸುತ್ತೇನೆ ಎಂದರು ಅವರು.

ಕಡಿದು ಮೋಟಾದ ಬಳ್ಳಿ, ಸುತ್ತ ಕೊಯ್ದ ಬೇರು, ಬಿಸಿಲು ಏರುತ್ತಿತ್ತು. ಮಣ್ಣಿನ ಗಡ್ಡೆ ಒಣಗಿದರೆ ಮುಗಿಯಿತು. ಸಿಸ್ಟರ್ ಸೆರಗು ಸಿಕ್ಕಿಸಿ, ಹಾರಿಯನ್ನು ತಾವೇ ಎತ್ತಿಕೊಂಡರು. ಮೊದಲ ಪೆಟ್ಟಿಗೆ ಮೊಣಕಾಲು ಮಡಚಿತು. ಕುಳಿತೇ ಎರಡನೆಯದು ಹಾಕಿದರು. ತಂಗಿಯ ಮಗ ಕಸಿದುಕೊಳ್ಳಲು ಹೋದ, ಕೊಡಲಿಲ್ಲ. ಅವರ ಉಸಿರಿನ ಸಪ್ಪಳ ಗೋಡೆಯ ಈಚೆ ನನಗೆ ಕೇಳಿಸುತ್ತಿತ್ತು. ನಾನು ಶಿವಾ ಶಿವಾ ಎನ್ನುತ್ತ ನಿಂತಿದ್ದೆ. ಆ ಹೊತ್ತಿಗೆ ನನಗೆ ಬೇರೆ ಏನೂ ತೋಚಲಿಲ್ಲ.

ತೋಚಿದ್ದು ಅತ್ತೆಗೆ. ನನ್ನ ಬಾಜೂ ನಿಂತಿದ್ದವರು ಸೊಂಟ ಹಿಡಿದುಕೊಂಡು ಗೇಟು ಸುತ್ತಿ ಆಚೆ ಹೋದರು.

"ಏ ಬಾಯಿ, ಇಡ ಕೆಳಗ ಹಾರಿ. ಹೆಣ್ಣಮಗಳನ್ನ ಹಿಂಗ ಗುದ್ದಿ ಕಳಸ್ತಾರೇನ?"

ಸಿಸ್ಟರ್ ತಲೆ ಎತ್ತಿ ನೋಡಿದರು. ಬೆವರಿನಿಂದ ಕನ್ನಡಕ ಜಾರಿತ್ತು.

"ಬಳ್ಳೆವ್ವ ಇಷ್ಟ ದಿನ ಇಲ್ಲಿ ಬಾಳ್ವೆ ಮಾಡ್ಯಾಳ," ಎಂದರು ಅತ್ತೆ, ಆಳುಗಳಿಗೂ ಸಾವಕಾರರಿಗೂ ನೆರೆದ ಹೆಂಗಸರಿಗೂ ಕೇಳುವ ಹಾಗೆ. "ಈಗ ಊರಿಗೆ ಹೊಂಟಾಳ. ಹೊಂಟಾಕಿನ ಇರಸ್ಕೊಂಡರ ನಮಗ ಪಾಪ. ಬರಿಗೈಲೆ ಕಳಿಸಿದರೂ ಪಾಪ. ಸೊಸಿ, ಉಡಿ ಸಾಮಾನ ತಗೊಂಡ ಬಾ."

ನಾನು ಒಳಗೆ ಓಡಿದೆ. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಎಲೆ ಅಡಿಕೆ, ಬಾಳೆಹಣ್ಣು, ಒಂದು ಹಸಿರು ಖಣ. ದೇವರ ದಯೆ, ಎಲ್ಲವೂ ಮನೆಯಲ್ಲಿತ್ತು. ಯಾರ ಬಾಗಿಲಿಗೂ ಹೋಗಬೇಕಾಗಲಿಲ್ಲ. ಮಗಳು ತವರಿನಿಂದ ಗಂಡನ ಮನೆಗೆ ಹೊರಟಾಗ ಸೆರಗಿನಲ್ಲಿ ಇದನ್ನೆಲ್ಲ ತುಂಬಿ ಕಳಿಸುವುದಕ್ಕೆ ನಮ್ಮಲ್ಲಿ ಉಡಿ ತುಂಬುವುದು ಎನ್ನುತ್ತಾರೆ. ಬಳ್ಳಿಗೆ ತುಂಬಿದ್ದನ್ನು ನಾನು ಕೇಳಿರಲಿಲ್ಲ. ಅತ್ತೆಯೂ ಕೇಳಿರಲಿಕ್ಕಿಲ್ಲ. ಆದರೆ ಅವರು ಹಿಂದಿನಿಂದ ನಡೆದುಬಂದದ್ದೇ ಎಂಬಂತೆ ಸರಸರ ಮೋಟಿಗೆ ಖಣ ಸುತ್ತಿ, ಅದರ ಮಡಿಲಿಗೆ ಒಂದೊಂದೇ ಹಾಕತೊಡಗಿದರು. ಓಣಿಯ ಮುತ್ತೈದೆಯರು ಒಬ್ಬೊಬ್ಬರಾಗಿ ಬಂದು ಹಿಡಿ ಅಕ್ಕಿ ಹಾಕಿದರು.

ಸಿಸ್ಟರ್ ದೂರ ನಳದ ಹತ್ತಿರ ಹೋಗಿ ನಿಂತಿದ್ದರು. ಗಂಡನಿಲ್ಲದವರು ಇಂಥದ್ದರಲ್ಲಿ ತಾವಾಗಿಯೇ ಹಿಂದೆ ಸರಿಯುತ್ತಾರೆ. ಯಾರೂ ಹೇಳಬೇಕಾಗಿಲ್ಲ.

"ಅಲ್ಲ್ಯಾಕ ನಿಂತಿ?" ಎಂದರು ಅತ್ತೆ. "ಹುಟ್ಟಿಸಿದಾಕಿ ನೀನು. ನೀ ಹಾಕಲಿಲ್ಲಂದ್ರ ಇದು ಉಡಿ ಆಗತೈತೇನ? ಬಾ, ಹಾಕು."

ಸಿಸ್ಟರ್ ಬಂದರು. ಕೈ ಮಣ್ಣಾಗಿತ್ತು, ಸೀರೆಗೆ ಒರೆಸಿಕೊಂಡರು. ಬೊಗಸೆಯಲ್ಲಿ ಅಕ್ಕಿ ಹಿಡಿದು ಎಷ್ಟು ಹೊತ್ತು ನಿಂತರೆಂದರೆ, ಇವರಿಗೆ ಇದನ್ನು ಮಾಡುವ ರೀತಿ ಗೊತ್ತಿಲ್ಲವೇನೋ ಎಂದುಕೊಂಡೆ. ಆಮೇಲೆ ಹಾಕಿದರು. "ಆತು," ಎಂದರು. ಈ ಸಲ ಆದ ಮೇಲೆಯೇ ಅಂದರು.

ಮುಂದೆ ಎಲ್ಲವೂ ಸಲೀಸಾಯಿತು. ಕಲ್ಲನ್ನು ಅತ್ತೆ ತಾವೇ ಎತ್ತಿ, ಹೊಳೆಗೆ ಬಿಡುತ್ತೇನೆಂದು ನಮ್ಮ ಮನೆಗೆ ತಂದರು. ಆಳುಗಳು ಕೈ ಮುಗಿದು ಹಾರಿ ಹಾಕಿದರು. ಗಡ್ಡೆಯನ್ನು ಹಸಿ ಗೋಣಿತಟ್ಟಿನಲ್ಲಿ ಬಿಗಿದು, ಹಗ್ಗ ಸುತ್ತಿ, ಹಲಗೆಯ ಮೇಲೆ ಜಾರಿಸಿ ಟ್ರ್ಯಾಕ್ಟರಿಗೆ ಏರಿಸಿದರು. ಸಿಸ್ಟರ್ ಮುಂದೆ ಕೂಡಲು ಒಪ್ಪದೆ ಟ್ರಾಲಿಯಲ್ಲಿ ಅದರ ಬಾಜೂಕೇ ಗಾದಿ ಹಾಕಿಸಿಕೊಂಡು ಕುಳಿತರು. ಹೋಗುವಾಗ ನಮ್ಮ ಕಡೆ ನೋಡಿ ಕೈ ಎತ್ತಿದರು, ಅಷ್ಟೇ. ಅತ್ತೆ ಆ ಮೇಲೆ ಬಹಳ ಹೊತ್ತು ಅಂಗಳದ ತೆಗ್ಗು ನೋಡುತ್ತ ನಿಂತು, "ನನ್ನ ಸೀರಿ ಉಳೀತು ಬಿಡು," ಎಂದರು.

ಬೇಸಿಗೆಯಲ್ಲಿ ಮೂಡಲಗಿಯ ಒಂದು ಮದುವೆಗೆ ಹೋದಾಗ ನಾನು ತುಕ್ಕಾನಟ್ಟಿಗೂ ಹೋಗಿ ಬಂದೆ. ತಂಗಿಯ ಮನೆಯ ಹಿತ್ತಲಲ್ಲಿ ಬಳ್ಳಿ ಒಣ ಗೂಟದಂತೆ ನಿಂತಿತ್ತು. ಒಂದು ಎಲೆಯಿಲ್ಲ. ಬಳ್ಳಿ ಹಬ್ಬಿಸಲು ಬಲವಾದ ಕಂಬ ನೆಟ್ಟು ಚಪ್ಪರವನ್ನೂ ಹಾಕಿಸಿದ್ದರು, ಬರಿ ಚಪ್ಪರ. ತಂಗಿ ನನ್ನ ಕಿವಿಯಲ್ಲಿ, "ಸತ್ತೈತ್ರಿ. ಅಕ್ಕಗ ಹೇಳೂ ಧೈರ್ಯ ಯಾರಿಗೂ ಇಲ್ಲ," ಎಂದರು. ಸಿಸ್ಟರಿಗೆ ಅದು ಕೇಳಿಸಿರಬೇಕು.

"ಸತ್ತರ ಸತ್ತೀತು," ಎಂದರು. "ಜೆಸಿಬಿ ಬಾಯಾಗ ಸಾಯಲಿಲ್ಲಲ್ಲ. ಮನಿಯಾಗ ಸಾಯೂದು ಬ್ಯಾರೆ."

ಅವರೇ ಮಾತು ತಿರುಗಿಸಿ ಅತ್ತೆಯ ಬಿಪಿ ಎಷ್ಟಿದೆ ಎಂದು ಕೇಳಿದರು.

ಅದಾದ ಮೇಲೆ ನಾನು ಅವರನ್ನು ನೋಡಲಿಲ್ಲ. ಫೋನಿನಲ್ಲಿ ಅವರು ಬಳ್ಳಿಯ ಮಾತು ಎತ್ತಲಿಲ್ಲ, ನಾನು ಕೇಳಲಿಲ್ಲ. ಒಂದು ಮಳೆಗಾಲ ಹೋಯಿತು, ವರ್ಷ ತಿರುಗಿತು. ಕೊನೆಯ ಕೆಲವು ತಿಂಗಳು ಅವರು ಹಾಸಿಗೆ ಬಿಟ್ಟು ಏಳಲಿಲ್ಲವೆಂದು ಆಮೇಲೆ ತಿಳಿಯಿತು.

ಸುದ್ದಿ ಬಂದ ವಾರ ನಾನೂ ಅತ್ತೆಯೂ ತುಕ್ಕಾನಟ್ಟಿಗೆ ಹೋದೆವು. ಅತ್ತೆ ಹೊಸ್ತಿಲು ದಾಟಿ, ಒಳಗೆ ಚಾಪೆಯ ಮೇಲೆ ಮನೆಯವರ ಜೊತೆ ಮಾತಾಡುತ್ತ ಕುಳಿತರು. ತಂಗಿ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದರು.

ಬಳ್ಳಿ ಚಪ್ಪರ ಮುಟ್ಟಿತ್ತು.

"ಹ್ವಾದ ವರ್ಷ ಮಳಿ ಬಿದ್ದ ಮ್ಯಾಲೆ ಬುಡದಾಗ ಎರಡು ಚಿಗರು ಬಂದವು ನೋಡ್ರಿ," ಎಂದರು ತಂಗಿ. "ನಾವೆಲ್ಲಾ ಕುಣದಾಡಿದಿವಿ. ಅಕ್ಕ ಕೋಲು ಊರಕೋತ ಬಂದು, ಎರಡನ್ನೂ ನೋಡಿ, ಒಂದನ್ನ ಕತ್ತರಿಸಿ ಒಗದಳು. ಯವ್ವಾ, ಇಷ್ಟ ದಿನ ಕಾದು ಬಂದದ್ದನ್ನ ಕಡೀತಿಯಲ್ಲ, ನಿನ್ನ ಕೈಗೆ ಏನ ಹೇಳಲಿ ಅಂದೆ. ಎರಡು ಬಿಟ್ಟರ ಎರಡೂ ಬಡವ ಆಗತಾವ ಅಂದ್ಲು. ಉಳಿದದ್ದನ್ನ ತಾನ ಕಟ್ಟಿದಳು. ಅದ ಕಡೀ ಸಲ, ಆಕಿ ಬಳ್ಳಿ ಮುಟ್ಟಿದ್ದು."

ಕಟ್ಟಿದ್ದು ಬ್ಯಾಂಡೇಜಿನ ಬಟ್ಟೆಯಿಂದ. ಕಂಬಕ್ಕೂ ಕುಡಿಗೂ ಸೇರಿಸಿ ಹಾಕಿದ ಚೊಕ್ಕ ಗಂಟು, ಎರಡು ತುದಿಗಳನ್ನೂ ಸಮ ಕತ್ತರಿಸಿದ್ದರು. ಕಟ್ಟಿದಾಗ ಕುಡಿ ಕಿರುಬೆರಳಿನಷ್ಟು ಇದ್ದಿರಬೇಕು. ಈಗ ಹೆಬ್ಬೆರಳಿಗಿಂತ ದಪ್ಪವಾಗಿತ್ತು. ಬಟ್ಟೆ ತೊಗಟೆಯೊಳಗೆ ಇಳಿದು, ಕಟ್ಟಿನ ಮೇಲೆ ಬಳ್ಳಿ ಉಬ್ಬಿ, ಕೆಳಗೆ ಸೊರಗಿತ್ತು. ಮೇಲಿನ ಎಲೆಗಳ ಅಂಚು ಹಳದಿಗೆ ತಿರುಗಿತ್ತು.

ನಾನು ಗಂಟಿಗೆ ಕೈ ಹಾಕಿದೆ. ತಂಗಿ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಬಿಚ್ಚಬ್ಯಾಡ್ರಿ ವೈನಿ. ಅಕ್ಕನ ಕೈ ಗಂಟ ಅದು. ಆಕಿದಂತ ಉಳದದ್ದು ಅದೊಂದ."

"ಕುತ್ತಿಗಿ ಹಿಡದೈತ್ರಿ," ಎಂದೆ. "ವರ್ಷಕ್ಕೊಮ್ಮಿ ಸಡಲ ಮಾಡಬೇಕು ಇದನ್ನ. ಅವರ ಇದ್ದಿದ್ದರ ಅವರ ಬಿಚ್ಚತಿದ್ದರು."

ತಂಗಿ ಹಿಡಿದ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ಬಿಟ್ಟು, ಮುಖ ಆಚೆ ತಿರುಗಿಸಿ, ಹಿತ್ತಲಲ್ಲಿ ಕಟ್ಟಿದ್ದ ಎಮ್ಮೆಯ ಕಡೆ ನೋಡುತ್ತ ನಿಂತರು.

ಮಳೆ ನೀರು ಕುಡಿದು ಗಂಟು ಕಲ್ಲಾಗಿತ್ತು. ಉಗುರಿಗೆ ಬರಲಿಲ್ಲ. ಕತ್ತರಿ ಕೇಳಲು ಮನಸ್ಸಾಗದೆ ಹಲ್ಲಿನಿಂದ ಎಳೆದೆ, ಸೆರಗಿನ ಪಿನ್ನಿನಿಂದ ಕೆದರಿದೆ. ಒಂದು ಎಳೆ ಸಡಿಲಾದ ಮೇಲೆ ಉಳಿದದ್ದು ತಾನಾಗಿ ಬಂತು. ತೊಗಟೆಯ ಮೇಲೆ ಬಟ್ಟೆಯ ನೇಯ್ಗೆಯ ಅಚ್ಚು ಆಳವಾಗಿ ಮೂಡಿತ್ತು. ಬಟ್ಟೆಯನ್ನು ಮಡಚಿ ತಂಗಿಯ ಕೈಗೆ ಕೊಟ್ಟೆ. ನನ್ನ ಕರವಸ್ತ್ರ ಹರಿದು, ಬೆರಳು ಆಡುವಷ್ಟು ಜಾಗ ಬಿಟ್ಟು, ಬಳ್ಳಿಯನ್ನು ಮತ್ತೆ ಕಂಬಕ್ಕೆ ಕಟ್ಟಿದೆ. ನನ್ನ ಗಂಟು ಅವರದರಷ್ಟು ಚೊಕ್ಕ ಬರಲಿಲ್ಲ. ಒಂದು ತುದಿ ಉದ್ದ, ಒಂದು ಗಿಡ್ಡ.

ತಂಗಿ ಹತ್ತಿರ ಬಂದು ನೋಡಿದರು.

"ಮತ್ತ ಯಾವಾಗ ಬಿಚ್ಚಬೇಕ್ರಿ ಇದನ್ನ?" ಎಂದು ಕೇಳಿದರು.